ದ್ರವದ ಸುಳಿ, ಕಣದ ಸ್ಪಿನ್: ಸಾಪೇಕ್ಷತಾ ಹೈಡ್ರೊಡೈನಮಿಕ್ಸ್ ಓದುವವರಿಗೆ ಒಂದು ಟಿಪ್ಪಣಿ

ಸಾಪೇಕ್ಷತಾ ಹೈಡ್ರೊಡೈನಮಿಕ್ಸ್, ಅಂದರೆ ಬೆಳಕಿನ ವೇಗದ ಹತ್ತಿರ ಹರಿಯುವ ದ್ರವಗಳ ಶಾಸ್ತ್ರ, ಓದಲು ಕೂತವರಿಗೆ ಎರಡು ಸಂಗತಿಗಳು ಬೇಗ ಕಲಸಿಹೋಗುತ್ತವೆ. ಒಂದು, ದ್ರವ ಸುತ್ತಿದಾಗ ಅದರೊಳಗಿನ ಕಣಗಳ ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) ಒಂದೇ ಕಡೆಗೆ ವಾಲುವುದು. ಇನ್ನೊಂದು, ಅದೇ ಸುತ್ತಿನಿಂದ ಕೈರಲ್ (ಬಲಗೈ-ಎಡಗೈ ಭೇದವಿರುವ) ಕಣಗಳ ಪ್ರವಾಹ ಹುಟ್ಟುವುದು. ಎರಡರಲ್ಲೂ ಸುಳಿ ಇದೆ, ಸ್ಪಿನ್ ಇದೆ. ಆದರೆ ಮೊದಲನೆಯದಕ್ಕೆ ಕೈರಲ್ ಗುಣ ಬೇಕಾಗಿಯೇ ಇಲ್ಲ. ಇಷ್ಟು ಸ್ಪಷ್ಟವಾದರೆ ಮುಂದಿನ ಓದು ತುಂಬಾ ಹಗುರವಾಗುತ್ತದೆ.

ಅಳತೆಯಿಂದ ಶುರು ಮಾಡೋಣ

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸುತ್ತಿದ್ದರು. ಡಿಕ್ಕಿ ನೆಟ್ಟಗೆ ಆಗದೆ ಸ್ವಲ್ಪ ಪಕ್ಕಕ್ಕೆ ಸರಿದು ಆದರೆ, ಸಾವಿರ ಹೆಚ್-ಬಾರ್ (ಕ್ವಾಂಟಮ್ ಲೋಕದಲ್ಲಿ ಕೋನೀಯ ಸಂವೇಗದ ಮೂಲಮಾನ) ಪ್ರಮಾಣದ ಕೋನೀಯ ಸಂವೇಗ ಉಳಿಯುತ್ತದೆ. ಅದರ ಒಂದು ಪಾಲು ಅಲ್ಲಿ ಹುಟ್ಟುವ ಕ್ವಾರ್ಕ್-ಗ್ಲೂಆನ್ ದ್ರವದಲ್ಲಿ ಸುಳಿಯಾಗಿ ಸೇರುತ್ತದೆ. ಈ ಸುತ್ತು ಕಣಗಳ ಸ್ಪಿನ್‌ವರೆಗೂ ತಲುಪಬೇಕು ಎಂದು ಭೌತವಿಜ್ಞಾನಿಗಳಾದ ಲಿಯಾಂಗ್ ಮತ್ತು ವಾಂಗ್ 2005ರಲ್ಲೇ ಹೇಳಿದ್ದರು. 2017ರಲ್ಲಿ ಬ್ರೂಕ್‌ಹೇವನ್‌ನ ಪ್ರಯೋಗ ತಂಡವಾದ ಸ್ಟಾರ್ ಅದನ್ನು ಅಳೆದು ತೋರಿಸಿತು.

ಅಳೆದದ್ದು ಹೇಗೆ? ಲ್ಯಾಂಬ್ಡಾ ಕಣ ಒಡೆದು ಪ್ರೋಟಾನ್ ಮತ್ತು ಪಯಾನ್ ಆಗುತ್ತದೆ. ಇದು ದುರ್ಬಲ ಬಲದ ಕೆಲಸ. ಹಾಗಾಗಿ ಎಡ-ಬಲ ಸಮಾನವಲ್ಲ. ಪ್ರೋಟಾನ್ ಜಾಸ್ತಿ ಸಲ ಲ್ಯಾಂಬ್ಡಾದ ಸ್ಪಿನ್ ಇರುವ ಕಡೆಗೇ ಹಾರುತ್ತದೆ. ಸಾಕಷ್ಟು ಲ್ಯಾಂಬ್ಡಾಗಳ ಪ್ರೋಟಾನ್‌ಗಳು ಯಾವ ಕಡೆಗೆ ಹೋದವು ಎಂದು ಎಣಿಸಿದರೆ, ಸರಾಸರಿ ಸ್ಪಿನ್ ಎತ್ತ ವಾಲಿದೆ ಎಂದು ತಿಳಿಯುತ್ತದೆ.

ಈಗ ಲೆಕ್ಕ. ಸಮತೋಲನದಲ್ಲಿರುವ ಸ್ಪಿನ್ ಅರ್ಧದ ಕಣಕ್ಕೆ ಧ್ರುವೀಕರಣ, ಅಂದರೆ ಸ್ಪಿನ್ ಎಷ್ಟು ವಾಲಿದೆ ಎಂಬ ಅಳತೆ, ಸುಮಾರಾಗಿ ಹೀಗೆ ಬರುತ್ತದೆ: ಹೆಚ್-ಬಾರ್ ಗುಣಿಸು ವಾರ್ಟಿಸಿಟಿ, ಭಾಗಿಸು ಉಷ್ಣಶಕ್ತಿಯ ಎರಡರಷ್ಟು. ಇಲ್ಲಿ ವಾರ್ಟಿಸಿಟಿ ಅಂದರೆ ಸುಳಿಯ ಅಳತೆ: ವೇಗದ ಕರ್ಲ್‌ನ (ಹರಿವು ಎಷ್ಟು ಸುತ್ತುತ್ತದೆ ಎಂದು ಹೇಳುವ ಗಣಿತದ ಕ್ರಿಯೆ) ಅರ್ಧ. ಈ 'ಅರ್ಧ'ವನ್ನು ಕೆಲವರು ಸೂತ್ರದಲ್ಲಿ ಬೇರೆ ಕಡೆ ಇಡುತ್ತಾರೆ, ನೋಡಿಕೊಳ್ಳಿ. ಸ್ಟಾರ್ ಕೊಟ್ಟ ವಾರ್ಟಿಸಿಟಿ ಸೆಕೆಂಡಿಗೆ ಸುಮಾರು 9×10²¹. ಹೆಚ್-ಬಾರ್‌ನಿಂದ ಗುಣಿಸಿದರೆ 6 ಎಂಇವಿ (ಕಣಲೋಕದ ಶಕ್ತಿಯ ಮಾನ) ಹತ್ತಿರ. ಉಷ್ಣಶಕ್ತಿ 160 ಎಂಇವಿ ಎಂದುಕೊಳ್ಳಿ. ಉತ್ತರ ಶೇಕಡಾ 2ಕ್ಕೆ ಸ್ವಲ್ಪ ಕಡಿಮೆ. ಅಳತೆಯೂ ಶೇಕಡಾ ಒಂದೆರಡರ ಆಸುಪಾಸಿನಲ್ಲೇ ಇತ್ತು. ಸುತ್ತು ಇಷ್ಟು ಜೋರಾಗಿದ್ದರೂ ಪರಿಣಾಮ ಚಿಕ್ಕದು, ಯಾಕೆಂದರೆ ಶಾಖ ಅದಕ್ಕಿಂತ ತುಂಬಾ ದೊಡ್ಡದು.

ಇನ್ನೊಂದು ಸೊಗಸಾದ ಸಂಗತಿ. ಕಾಂತಕ್ಷೇತ್ರದಿಂದ ಸ್ಪಿನ್ ವಾಲಿದ್ದರೆ ಲ್ಯಾಂಬ್ಡಾ ಒಂದು ಕಡೆ, ಪ್ರತಿ-ಲ್ಯಾಂಬ್ಡಾ ಎದುರು ಕಡೆ ವಾಲಬೇಕು. ಸುತ್ತಿನಿಂದಾದರೆ ಎರಡೂ ಒಂದೇ ಕಡೆ. ಕಂಡದ್ದು ಒಂದೇ ಕಡೆ. ಈ ಇಡೀ ಮಾತಿನಲ್ಲಿ ಕೈರಲ್ ಅನ್ನುವ ಪದ ಒಮ್ಮೆಯೂ ಬರಲಿಲ್ಲ, ಗಮನಿಸಿದಿರಾ? ಕೈರಲ್ ಕಥೆಗೆ ದ್ರವ್ಯರಾಶಿ ಇಲ್ಲದ ಕಣ ಬೇಕು, ಲ್ಯಾಂಬ್ಡಾ ಆದರೋ ಪ್ರೋಟಾನ್‌ಗಿಂತಲೂ ಭಾರದ ಕಣ.

ಸಮೀಕರಣದಲ್ಲಿ ಸ್ಪಿನ್ ಎಲ್ಲಿ ಕೂರುತ್ತದೆ?

ಒಟ್ಟು ಕೋನೀಯ ಸಂವೇಗದಲ್ಲಿ ಎರಡು ಭಾಗ: ಹರಿವಿನದ್ದು, ಸ್ಪಿನ್‌ದು. ಬದಲಾಗದೆ ಉಳಿಯಬೇಕಾದದ್ದು ಮೊತ್ತ ಮಾತ್ರ. ಹರಿವಿನ ಭಾಗದ ಡೈವರ್ಜೆನ್ಸ್ (ಅದು ಎಷ್ಟು ಹೆಚ್ಚುಕಡಿಮೆಯಾಗುತ್ತಿದೆ ಎಂಬ ಲೆಕ್ಕ) ತೆಗೆದು ನೋಡಿ. ಶಕ್ತಿ-ಸಂವೇಗ ಟೆನ್ಸರ್‌ನ (ಶಕ್ತಿ, ಸಂವೇಗ ಮತ್ತು ಅವುಗಳ ಹರಿವನ್ನು ಒಟ್ಟಿಗೆ ಬರೆದ ಪಟ್ಟಿ) ಎರಡು ಸೂಚ್ಯಂಕಗಳನ್ನು ಅದಲು ಬದಲು ಮಾಡಿದಾಗ ಸಿಗುವ ವ್ಯತ್ಯಾಸವಷ್ಟೇ ಉಳಿಯುತ್ತದೆ. ಅಂದರೆ ಆ ಟೆನ್ಸರ್‌ನ ಅಸಮ್ಮಿತ ಭಾಗವೇ ಹರಿವು ಮತ್ತು ಸ್ಪಿನ್ ನಡುವಿನ ಟಾರ್ಕ್. ಮಾಮೂಲಿ ಹೈಡ್ರೊಡೈನಮಿಕ್ಸ್‌ನಲ್ಲಿ ಟೆನ್ಸರ್ ಸಮ್ಮಿತವಾಗಿದೆ ಎಂದು ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ, ಅಲ್ವಾ? ಆ ಕ್ಷಣವೇ ಈ ಟಾರ್ಕ್ ಕೈಬಿಟ್ಟುಹೋಗುತ್ತದೆ.

ಸ್ಪಿನ್ ಸೇರಿಸಿದರೆ ಆರು ಹೊಸ ಸಮೀಕರಣ ಬರುತ್ತವೆ. ಜೊತೆಗೆ ಆರು ಹೊಸ ಅಜ್ಞಾತಗಳು, ಒಟ್ಟಾಗಿ ಅವನ್ನು ಸ್ಪಿನ್ ಪೊಟೆನ್ಶಿಯಲ್ ಎನ್ನುತ್ತಾರೆ. ಟಾರ್ಕ್ ಕೆಲಸ ಮಾಡುತ್ತಾ ಪೂರ್ತಿ ಸಮತೋಲನ ಬಂದಾಗ ಈ ಪೊಟೆನ್ಶಿಯಲ್ ದ್ರವದ ಉಷ್ಣ ವಾರ್ಟಿಸಿಟಿಗೆ (ಉಷ್ಣಾಂಶವನ್ನೂ ಲೆಕ್ಕಕ್ಕೆ ಹಿಡಿದ ವಾರ್ಟಿಸಿಟಿ) ಸಮನಾಗುತ್ತದೆ. ಅದಕ್ಕೂ ಮೊದಲು ಅದಕ್ಕೆ ತನ್ನದೇ ಓಟ. ಆದರೆ ಸ್ಪಿನ್ ತಾನೊಂದೇ ಬದಲಾಗದೆ ಉಳಿಯುವ ಪ್ರಮಾಣವಲ್ಲ. ಹಾಗಾಗಿ ಅದು ಉಳಿದವುಗಳಿಗಿಂತ ನಿಧಾನವಾಗಿ ಸಮತೋಲನಕ್ಕೆ ಬಂದರೆ ಮಾತ್ರ ಇಷ್ಟೆಲ್ಲ ಶ್ರಮಕ್ಕೆ ಅರ್ಥ.

ಇಲ್ಲೊಂದು ಗೋಜಲು ಇದೆ. ಭೌತವಿಜ್ಞಾನಿ ಬೆಲಿನ್‌ಫಾಂಟೆ ತೋರಿಸಿದ ದಾರಿಯಲ್ಲಿ ಹೋದರೆ ಸ್ಪಿನ್ ಭಾಗವನ್ನೆಲ್ಲ ಹರಿವಿನ ಭಾಗದೊಳಗೆ ಸೇರಿಸಿ ಟೆನ್ಸರನ್ನು ಸಮ್ಮಿತ ಮಾಡಿಬಿಡಬಹುದು. ಒಟ್ಟು ಶಕ್ತಿ, ಒಟ್ಟು ಕೋನೀಯ ಸಂವೇಗ ಬದಲಾಗುವುದಿಲ್ಲ. ಹಂಚಿಕೆ ಬದಲಾಗುತ್ತದೆ. ಇದನ್ನು ಸ್ಯೂಡೊಗೇಜ್ ಆಯ್ಕೆ ಅನ್ನುತ್ತಾರೆ. ಯಾವುದೇ ಪ್ರಬಂಧ ಓದುವಾಗ ಲೇಖಕರು ಯಾವ ಆಯ್ಕೆ ಹಿಡಿದಿದ್ದಾರೆ ಎಂದು ಮೊದಲು ನೋಡಿ. ನನ್ನ ಮಟ್ಟಿಗೆ ಇದೇ ಅತ್ಯಂತ ಉಪಯುಕ್ತ ಅಭ್ಯಾಸ.

ಇನ್ನು ಕೈರಲ್ ಕಡೆಗೆ

ಕಣಕ್ಕೆ ದ್ರವ್ಯರಾಶಿ ಇಲ್ಲದಿದ್ದರೆ ಸ್ಪಿನ್ ಮತ್ತು ಓಟದ ದಿಕ್ಕು ಒಂದಕ್ಕೊಂದು ಕಟ್ಟಿಬೀಳುತ್ತವೆ. ಬಲಗೈ ಕಣದ ಸ್ಪಿನ್ ಓಡುವ ಕಡೆಗೆ, ಎಡಗೈ ಕಣದ್ದು ಎದುರಿಗೆ. ದ್ರವ ಸುತ್ತಿ ಸ್ಪಿನ್‌ಗಳು ವಾಲಿದವು ಅನ್ನಿ. ಬಲಗೈಯವು ಅಕ್ಷದ ಒಂದು ತುದಿಗೆ, ಎಡಗೈಯವು ಇನ್ನೊಂದು ತುದಿಗೆ ಹೊರಡುತ್ತವೆ. ಬಲದಿಂದ ಎಡ ಕಳೆದರೆ ಪ್ರವಾಹ ಸೊನ್ನೆಯಲ್ಲ. ಇದೇ ಕೈರಲ್ ಸುಳಿ ಪರಿಣಾಮ. ಅದರ ಗುಣಾಂಕದಲ್ಲಿ ಉಷ್ಣಾಂಶದ ವರ್ಗದ ಆರನೇ ಒಂದು ಭಾಗ ಇದೆ, ಜೊತೆಗೆ ಕೆಮಿಕಲ್ ಪೊಟೆನ್ಶಿಯಲ್‌ನ (ಒಂದು ಕಣ ಹೆಚ್ಚಿಸಲು ತಗಲುವ ಶಕ್ತಿ) ವರ್ಗವನ್ನು ಪೈ ವರ್ಗದ ಎರಡರಷ್ಟರಿಂದ ಭಾಗಿಸಿದ್ದೂ ಇದೆ.

ಸುತ್ತಿನ ಬದಲು ಕಾಂತಕ್ಷೇತ್ರ ಇಡಿ. ಈಗ ವಿದ್ಯುತ್ ಪ್ರವಾಹ ಹರಿಯಬೇಕಾದರೆ ಬಲಗೈ-ಎಡಗೈ ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಇರಲೇಬೇಕು. ಇದು ಕೈರಲ್ ಕಾಂತ ಪರಿಣಾಮ. ಎರಡನ್ನೂ ಮೊದಲು ಬರೆದವರು ಭೌತವಿಜ್ಞಾನಿ ವಿಲೆಂಕಿನ್, 1980ರ ಸುಮಾರಿಗೆ.

2008ರಲ್ಲಿ ಕಪ್ಪುಕುಳಿಗಳ ಗಣಿತದಿಂದ ದ್ರವದ ಸಮೀಕರಣ ತೆಗೆಯುತ್ತಿದ್ದ ಎರಡು ತಂಡಗಳಿಗೆ ಈ ಸುಳಿ ಪದ ಎದುರಾಯಿತು. ಒಂದು ತಂಡದಲ್ಲಿ ಭಾರತೀಯರೇ ಹೆಚ್ಚು, ಅವರಲ್ಲೊಬ್ಬರಾದ ಆರ್. ಲೋಗನಾಯಗಂ ಆಮೇಲೆ ಬೆಂಗಳೂರಿನ ಸಂಶೋಧನಾ ಕೇಂದ್ರ ಐಸಿಟಿಎಸ್ ಸೇರಿದರು. ಮರುವರ್ಷ ಸೋನ್ ಮತ್ತು ಸುರುವ್ಕಾ ಕಾರಣ ತೋರಿಸಿದರು: ಕ್ವಾಂಟಮ್ ಅನಾಮಲಿ (ಕ್ವಾಂಟಮ್ ಪರಿಣಾಮದಿಂದ ಒಂದು ಸಂರಕ್ಷಣಾ ನಿಯಮ ಮುರಿಯುವುದು) ಇದ್ದಾಗ ಈ ಪದಗಳನ್ನು ಬಿಟ್ಟರೆ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಕಡಿಮೆಯಾಗುವ ಸಾಧ್ಯತೆ ತೆರೆದುಕೊಳ್ಳುತ್ತದೆ. ಥರ್ಮೊಡೈನಮಿಕ್ಸ್‌ನ ಎರಡನೇ ನಿಯಮ ಅದನ್ನು ಒಪ್ಪುವುದಿಲ್ಲ. ಸ್ನಿಗ್ಧತೆಯಂತೆ ಈ ಪ್ರವಾಹ ಎಂಟ್ರೊಪಿ ಹೆಚ್ಚಿಸುವುದೂ ಇಲ್ಲ.

ಪ್ರಯೋಗದಲ್ಲಿ ಇವುಗಳ ಕಥೆ ಬೇರೆ. 2018ರಲ್ಲಿ ಬ್ರೂಕ್‌ಹೇವನ್‌ನಲ್ಲಿ ರುಥೇನಿಯಮ್ ಮತ್ತು ಜಿರ್ಕೋನಿಯಮ್ ನ್ಯೂಕ್ಲಿಯಸ್‌ಗಳನ್ನು ಹೋಲಿಸಿದರು. ಎರಡರಲ್ಲೂ 96 ನ್ಯೂಕ್ಲಿಯಾನ್. ಪ್ರೋಟಾನ್ ಮಾತ್ರ 44 ಮತ್ತು 40. ಪ್ರೋಟಾನ್ ಜಾಸ್ತಿ ಇದ್ದರೆ ಕಾಂತಕ್ಷೇತ್ರವೂ ಜಾಸ್ತಿ, ಪರಿಣಾಮವೂ ಎದ್ದು ಕಾಣಬೇಕು. ಫಲಿತಾಂಶ ಹೊರಬಂದದ್ದು 2021ರಲ್ಲಿ. ಮೊದಲೇ ಗೊತ್ತುಮಾಡಿಕೊಂಡಿದ್ದ ಮಾನದಂಡದ ಪ್ರಕಾರ ಕೈರಲ್ ಕಾಂತ ಪರಿಣಾಮದ ಗುರುತು ಸಿಗಲಿಲ್ಲ. ಆದರೆ ಜಿರ್ಕೋನಿಯಮ್ ಪೆಂಟಾಟೆಲ್ಯುರೈಡ್ ಎಂಬ ಘನವಸ್ತುವಿನಲ್ಲಿ ಎಲೆಕ್ಟ್ರಾನ್‌ಗಳು ದ್ರವ್ಯರಾಶಿ ಇಲ್ಲದವರಂತೆ ವರ್ತಿಸುತ್ತವೆ. ಅಲ್ಲಿ ಕಾಂತಕ್ಷೇತ್ರ ಮತ್ತು ವಿದ್ಯುತ್ ಕ್ಷೇತ್ರ ಒಂದೇ ದಿಕ್ಕಿಗಿದ್ದಾಗ ರೋಧ ಇಳಿಯುವುದು ಕಂಡಿದೆ. ಅದನ್ನು ಅಳೆದವರು ಇದೇ ಪರಿಣಾಮದ ಗುರುತು ಎಂದು ಓದಿದರು.