ಚಿಲಕ ಹಾಕಿದ್ದೀಯಾ, ಅಮ್ಮಾ?

"ಅಮ್ಮಾ, ಚಿಲಕ ಹಾಕಿದ್ದೀಯಾ?"

"ಹಾಕಿದ್ದೀನಿ ಕಣೋ."

ಎರಡು ನಿಮಿಷ ಬಿಟ್ಟು ಮತ್ತದೇ ಪ್ರಶ್ನೆ. ಹತ್ತನೇ ಸಲಕ್ಕೆ ಅಮ್ಮ ಎದ್ದುಹೋಗಿ ಚಿಲಕ ಅಲ್ಲಾಡಿಸಿ ತೋರಿಸುತ್ತಾಳೆ. ಮಗ ನಿದ್ದೆಹೋಗುತ್ತಾನೆ. ಮಾರನೇ ದಿನ ಹತ್ತು ಸಲ ಸಾಲುವುದಿಲ್ಲ.

ಗೀಳು ಕಾಯಿಲೆ, ಅಂದರೆ ಒಸಿಡಿ, ಬಲಿಯುವುದೇ ಹೀಗೆ. ಬೇಡವೆಂದರೂ ಒಂದು ಯೋಚನೆ ನುಗ್ಗುತ್ತದೆ, ಎದೆ ಡವಗುಟ್ಟುತ್ತದೆ. ಕೈ ತೊಳೆದರೆ, ಎಣಿಸಿದರೆ, ಇನ್ನೊಮ್ಮೆ ಕೇಳಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ. 'ಕೇಳಿದ್ದಕ್ಕೇ ಬಚಾವಾದೆ' ಎಂದು ಮಿದುಳು ಬರೆದಿಟ್ಟುಕೊಳ್ಳುತ್ತದೆ. ಪ್ರೀತಿಯಿಂದ ಹೇಳಿದ ಸಮಾಧಾನವೂ ಗೀಳಿನ ಪಾಲಾಗುತ್ತದೆ.

ಇದಕ್ಕಿರುವ ಮುಖ್ಯ ಚಿಕಿತ್ಸೆ ಇದೇ ಕೊಂಡಿಯನ್ನು ಕಳಚುತ್ತದೆ. ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸಬೇಕು, ಆಮೇಲೆ ಮಾಡಬೇಕೆನಿಸುವುದನ್ನು ಮಾಡದೆ ಇರಬೇಕು. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ಮೇಲೆ ಈ ಕ್ರಮ ಪ್ರಯೋಗಿಸಿ ವರದಿ ಮಾಡಿದರು.

ಮಕ್ಕಳ ವಿಷಯದಲ್ಲಿ ದಬ್ಬುವ ಹಾಗಿಲ್ಲ. ಮೊದಲು ಮಗುವೇ ಚಿಕಿತ್ಸಕರ ಜೊತೆ ಕೂತು ಭಯದ ಏಣಿ ಬರೆಯುತ್ತದೆ: ಬಾಗಿಲ ಹಿಡಿಯನ್ನು ಒಂದೇ ಬೆರಳಲ್ಲಿ ಮುಟ್ಟುವುದಕ್ಕೆ ಹತ್ತರಲ್ಲಿ 3, ಇಡೀ ಅಂಗೈಗೆ 6, ಮುಟ್ಟಿದ ಕೈಯಲ್ಲೇ ಬಿಸ್ಕತ್ತು ತಿನ್ನುವುದಕ್ಕೆ 9. ಶುರುವಾಗುವುದು ಒಂದು ಬೆರಳಿನಿಂದ. ಮುಟ್ಟಿ, ಕೈ ತೊಳೆಯದೆ ಕೂತ ಮಗುವನ್ನು ಆಗಾಗ ಕೇಳುತ್ತಾರೆ, "ಈಗ ಎಷ್ಟು?" ಕೆಲವೊಮ್ಮೆ ಅಂಕ ಇಳಿಯುತ್ತದೆ, ಕೆಲವೊಮ್ಮೆ ಇಳಿಯುವುದೇ ಇಲ್ಲ. ಇಳಿಯಲೇಬೇಕೆಂದು ಹಿಂದೆ ನಂಬಿದ್ದರು. ಭಯವಿದ್ದಾಗಲೂ ತಾಳಬಲ್ಲೆ, ಅಂದುಕೊಂಡ ಅನಾಹುತ ಆಗಲಿಲ್ಲ ಎಂದು ಮಗುವಿಗೆ ಗೊತ್ತಾದರೆ ಅದೇ ದೊಡ್ಡದು ಎನ್ನುವವರು ಈಗ ಹೆಚ್ಚು. ನನಗೂ ಇದೇ ಸರಿಯೆನಿಸುತ್ತದೆ.

ಮಾತ್ರೆ? ಅಮೆರಿಕದಲ್ಲಿ 7ರಿಂದ 17 ವಯಸ್ಸಿನ 112 ಮಂದಿಯ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 12 ವಾರದ ನಂತರ ಕಾಯಿಲೆ ಬಹುತೇಕ ಹಿಮ್ಮೆಟ್ಟಿದ್ದು ಈ ಬಗೆಯ ಚಿಕಿತ್ಸೆ, ಸರ್ಟ್ರಾಲಿನ್ ಎಂಬ ಮಾತ್ರೆ ಎರಡೂ ಸಿಕ್ಕವರಲ್ಲಿ ಸುಮಾರು ಶೇ. 54, ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಶೇ. 39, ಮಾತ್ರೆ ಮಾತ್ರ ಸಿಕ್ಕವರಲ್ಲಿ ಶೇ. 21, ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 4 ಮಂದಿಗೆ. ಎರಡೂ ಸಿಕ್ಕವರಲ್ಲೂ ಅರ್ಧದಷ್ಟು ಮಕ್ಕಳಿಗೆ ಕಾಯಿಲೆ ಪೂರ್ತಿ ಬಿಟ್ಟಿರಲಿಲ್ಲ, ಅದನ್ನೂ ಹೇಳಲೇಬೇಕು.

ಆತಂಕದ ಕಾಯಿಲೆಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಇನ್ನೂ ವಿಚಿತ್ರವಾದ ದಾರಿ ಹಿಡಿದರು: ಚಿಕಿತ್ಸೆಗೆ ಬರುವುದು ಅಪ್ಪ ಅಮ್ಮ ಮಾತ್ರ. ಮಗುವಿನ ಭಯಕ್ಕೆ ತಾವು ಹೊಂದಿಕೊಂಡ ರೀತಿಯನ್ನು ಅವರು ಬದಲಿಸಿಕೊಳ್ಳುತ್ತಾರೆ. 124 ಮಕ್ಕಳ ಅಧ್ಯಯನದಲ್ಲಿ ಇದು, ಮಕ್ಕಳಿಗೇ ನೇರವಾಗಿ ಕೊಟ್ಟ ಚಿಕಿತ್ಸೆಗಿಂತ ಕಡಿಮೆಯೇನೂ ಆಗಲಿಲ್ಲ.

ಹಾಗೆ ಕಲಿತ ಅಮ್ಮ ಚಿಲಕದ ಪ್ರಶ್ನೆಗೆ ಸಿಡುಕುವುದಿಲ್ಲ, ಎದ್ದೂ ಹೋಗುವುದಿಲ್ಲ. ಮೊದಲೇ ಮಗನಿಗೆ ತಿಳಿಸಿರುತ್ತಾಳೆ, ಒಂದೇ ಸಲ ಉತ್ತರ ಎಂದು. ಎರಡನೇ ಸಲ ಕೇಳಿದಾಗ, "ಕಷ್ಟ ಆಗ್ತಿದೆ ಅಂತ ಗೊತ್ತು ಕಂದ, ತಡ್ಕೋತೀಯ ಅಂತಾನೂ ಗೊತ್ತು" ಎಂದು ಹೊದಿಕೆ ಸರಿಮಾಡುತ್ತಾಳೆ. ಆ ರಾತ್ರಿ ಇಬ್ಬರಿಗೂ ನಿದ್ದೆ ತಡವಾಗಿಯೇ ಬರುತ್ತದೆ.