ಸಣ್ಣ ಮೀನಿನ ತಲೆ ತೆಗೆಯಬೇಕೇ?

ಪ್ರಶ್ನೆ: ತುಂಗಭದ್ರಾ ಹಿನ್ನೀರಿನಿಂದ ಬರುವ ಬೆರಳುದ್ದದ ಮೀನನ್ನು ತಲೆ, ಕರುಳು ತೆಗೆದು ಸಾರು ಮಾಡುತ್ತೇನೆ. ಹಾಗೆ ಮಾಡಿದರೆ ಮೀನಿನಲ್ಲಿ ಉಳಿಯುವುದಾದರೂ ಏನು ಎಂದು ನಮ್ಮ ಅತ್ತೆಯವರು ಕೇಳುತ್ತಾರೆ. ಯಾರು ಸರಿ? ಕಟ್ಲಾ, ರೋಹುಗಿಂತ ಅಗ್ಗವಾದ ಈ ಮೀನಿನಲ್ಲಿ ಸತ್ವವೂ ಕಡಿಮೆಯೇ? (ಕೊಪ್ಪಳದ ಓದುಗರೊಬ್ಬರು)

ಉತ್ತರ: ನಿಮ್ಮ ಅತ್ತೆಯವರ ಮಾತು ಬಹುಮಟ್ಟಿಗೆ ಸರಿ. ದೊಡ್ಡ ಮೀನಿನಲ್ಲಿ ನಾವು ತಿನ್ನುವುದು ಖಂಡವನ್ನು, ಮುಳ್ಳು ತಟ್ಟೆಯ ಅಂಚಿಗೆ ಹೋಗುತ್ತದೆ. ಸಣ್ಣ ಮೀನನ್ನಾದರೋ ಮುಳ್ಳು ಸಮೇತ ಅಗಿದು ನುಂಗುವುದರಿಂದ ಅದರ ಸುಣ್ಣದ ಅಂಶವೂ (ಕ್ಯಾಲ್ಸಿಯಂ) ಮೈಗೆ ಸೇರುತ್ತದೆ. ಹಾಲು ಕೊಳ್ಳುವುದು ಕಷ್ಟವಾದ ಮನೆಗಳಲ್ಲಿ ಇದು ಚಿಕ್ಕ ಸಂಗತಿಯಲ್ಲ.

ಎ ಜೀವಸತ್ವದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಬಾಂಗ್ಲಾದೇಶದ ಹೊಂಡಗಳಲ್ಲಿ ಸಾಮಾನ್ಯವಾದ, ಭಾರತದ ಕೆರೆಕುಂಟೆಗಳಲ್ಲಿಯೂ ಇರುವ ಮೋಲಾ ಎಂಬ ಪುಟ್ಟ ಮೀನನ್ನು ಅಲ್ಲಿನ ಸಂಶೋಧಕರು ಪರೀಕ್ಷಿಸಿದಾಗ, 100 ಗ್ರಾಂ ಹಸಿ ಮೀನಿನಲ್ಲಿ 2,500 ಮೈಕ್ರೋಗ್ರಾಮಿಗೂ ಹೆಚ್ಚು ಎ ಜೀವಸತ್ವ ಕಂಡುಬಂತು. ರೋಹುವಿನಲ್ಲಿ ಇದು ತೀರಾ ಅಲ್ಪ. ಆದರೆ ಮೋಲಾದಲ್ಲಿ ಈ ಸತ್ವದ ಬಹುಪಾಲು ಇರುವುದು ಕಣ್ಣಿನಲ್ಲಿ ಮತ್ತು ಕರುಳಿನ ಭಾಗದಲ್ಲಿ, ಅಂದರೆ ನೀವು ಕತ್ತರಿಸಿ ಬೆಕ್ಕಿಗೆ ಹಾಕುವ ಭಾಗದಲ್ಲಿಯೇ. ಬಾಂಗ್ಲಾದೇಶದಲ್ಲಿ ಸಣ್ಣ ಮೀನುಗಳ ಪೌಷ್ಟಿಕತೆಯನ್ನು ದಶಕಗಳ ಕಾಲ ಅಭ್ಯಸಿಸಿದ, ಟ್ರಿನಿಡಾಡಿನಲ್ಲಿ ಹುಟ್ಟಿದ ಭಾರತೀಯ ಮೂಲದ ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಹಾಗೆಂದು ಸಣ್ಣದೆಲ್ಲವೂ ಮೋಲಾ ಅಲ್ಲ. ಗೆಂಡೆಯ ಬಳಗದ ಪುಟ್ಟ ಮೀನುಗಳಲ್ಲಿ ಸುಣ್ಣದ ಅಂಶ ಚೆನ್ನಾಗಿದ್ದರೂ ಎ ಜೀವಸತ್ವ ಅಷ್ಟಿಲ್ಲ. ಬಿಸಿಲಿಗೆ ಒಣಗಿಸಿದರೆ ಎ ಜೀವಸತ್ವ ಬಹುತೇಕ ನಾಶವಾಗುತ್ತದೆ, ಸುಣ್ಣದ ಅಂಶ ಉಳಿಯುತ್ತದೆ. ಆದ್ದರಿಂದ ಒಣಮೀನಿನ ಚಟ್ನಿ ಜೋಳದ ರೊಟ್ಟಿಗೆ ಒಳ್ಳೆಯ ಜೊತೆಯಾದರೂ ಹಸಿ ಮೀನಿನ ಸಾರಿಗೆ ಪೂರ್ತಿ ಬದಲಿಯಾಗದು. ಕರುಳಿನ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಚರಂಡಿ ನೀರು ಸೇರುವ ಕೆರೆಯ ಮೀನಾಗಿದ್ದರೆ, ಅಥವಾ ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳಿಂದ ಔಷಧಿ ಬೆರೆತ ನೀರು ಬಸಿದು ಬರುವ ಹಳ್ಳದ್ದಾಗಿದ್ದರೆ ಹೊಟ್ಟೆಯನ್ನು ಒತ್ತಿ ತೆಗೆಯಿರಿ. ಕರುಳು ತೆಗೆದ ಮೇಲೂ ತಲೆ ಇದ್ದರೆ ಕಣ್ಣಿನ ಸತ್ವ ಉಳಿಯುತ್ತದೆ. ಎಳೆಯ ಮಕ್ಕಳಿಗಾದರೆ ಮುಳ್ಳು ಗಂಟಲಿಗೆ ಸಿಕ್ಕದಂತೆ ಬೇಯಿಸಿ ನುಣ್ಣಗೆ ಅರೆದು ಕೊಡಬೇಕು.

ಇನ್ನು ಬೆಲೆಯ ಮಾತು. ಕಟ್ಲಾ, ರೋಹು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು 1957ರಲ್ಲಿ ಈ ಜಾತಿಯ ಮೀನುಗಳಿಗೆ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆ ಇಡಿಸುವ ವಿಧಾನವನ್ನು ಯಶಸ್ವಿಗೊಳಿಸಿದ ಮೇಲೆ ಮರಿಗಳನ್ನು ಸಾಕಿ ಬಿಡುವುದು ಸುಲಭವಾಯಿತು. ಆ ಮರಿಗೆ ಹಣ ಬೇಕು, ಕೆರೆಗೆ ಗುತ್ತಿಗೆ ಬೇಕು, ಆದ್ದರಿಂದ ಮೀನು ಗುತ್ತಿಗೆದಾರರ ಸ್ವತ್ತಾಗುತ್ತದೆ. ಸಣ್ಣ ಮೀನಾದರೋ ಯಾರೂ ಬಿತ್ತದೆ, ವರ್ಷಕ್ಕೆ ಹಲವು ಸಲ ತಾನೇ ಮರಿ ಮಾಡಿಕೊಂಡು ಕೆರೆಯಲ್ಲಿಯೇ ಹೆಚ್ಚುತ್ತದೆ. ಪುಟ್ಟಿ ಅಥವಾ ಹರಿಗೋಲಿನಲ್ಲಿ ಬಲೆ ಬೀಸುವ ಬೆಸ್ತ, ಅಂಬಿಗ ಕುಟುಂಬಗಳಿಗೆ ದೊಡ್ಡ ಮೀನು ಮಾರಾಟದ ಸರಕು. ಸಣ್ಣ ಮೀನು ಮನೆಯ ಒಲೆಗೂ ನೆರೆಯವರ ತಟ್ಟೆಗೂ ಹೋಗುವಂಥದ್ದು. ಒಂದು ಕಿಲೋ ದೊಡ್ಡ ಮೀನನ್ನು ಹಂಚುವಾಗ ನಡುತುಂಡು ಯಾರಿಗೆ ಎಂಬ ಪ್ರಶ್ನೆ ಬರುತ್ತದೆ, ಮತ್ತು ಉತ್ತರ ಯಾವಾಗಲೂ ಮನೆಯ ಹೆಂಗಸಿನ ಪರವಾಗಿರುವುದಿಲ್ಲ. ಸಣ್ಣ ಮೀನನ್ನು ಎಣಿಸಿ ಹಂಚಬಹುದು.

ಇಷ್ಟಾದರೂ ಮೀನು ಸಾಕಣೆಯ ಕೈಪಿಡಿಗಳು ಇವನ್ನು ಬಹುಕಾಲ ‘ಕಳೆ ಮೀನು’ ಎಂದು ಕರೆದು, ಮರಿ ಬಿಡುವ ಮೊದಲು ಹಿಪ್ಪೆ ಹಿಂಡಿ ಹಾಕಿ ಕೊಲ್ಲುವಂತೆ ಹೇಳುತ್ತಿದ್ದವು. ಆಹಾರಕ್ಕೆ ಪೈಪೋಟಿಯಾಗುತ್ತದೆ ಎಂಬುದು ಅವರ ವಾದ. ಆದರೆ ಬಾಂಗ್ಲಾದೇಶದಲ್ಲಿ ದೊಡ್ಡ ಮೀನಿನೊಂದಿಗೆ ಮೋಲಾವನ್ನೂ ಸಾಕಿದಾಗ ಒಟ್ಟು ಇಳುವರಿಗೆ ಧಕ್ಕೆಯಾಗಲಿಲ್ಲ. ನಮ್ಮ ಹಿನ್ನೀರಿನಲ್ಲಿ ತಕರಾರು ಬೇರೆಯದು: ದಡಕ್ಕೆ ಎಳೆಯುವ ಸಣ್ಣ ಕಣ್ಣಿನ ಅಲಿವಿ ಬಲೆಯಲ್ಲಿ ಸಣ್ಣ ಮೀನಿನ ಜೊತೆಗೆ ದೊಡ್ಡ ಜಾತಿಯ ಮರಿಗಳೂ ಬರುತ್ತವೆ. ಅಂಥ ಬುಟ್ಟಿಯಲ್ಲಿ ಬೆರಳುದ್ದದ ಕಟ್ಲಾ ಮರಿಗಳು ಕಂಡರೆ ಕೊಳ್ಳಬೇಡಿ. ಮೈಗೆ ಹೋಲಿಸಿದರೆ ಅತಿ ದೊಡ್ಡದಾದ ತಲೆಯಿಂದಲೇ ಅವನ್ನು ಗುರುತಿಸಬಹುದು.