ಮಿಸ್ರಿಯ ಹಿಂಗಾಲು ಹೇಳುವ ನೆಂಟಸ್ತಿಕೆ

ತೀರ್ಥಹಳ್ಳಿ ಕಡೆಯ ಹಳೆಯ ಮನೆಯೊಂದರ ಕೆಂಪುಕಲ್ಲಿನ ಗೋಡೆಯಲ್ಲಿ ಕೂತ, ಕೊಂಡಿಯಿಲ್ಲದ್ದೆಂದು ಹೆಸರಾದ ಪುಟ್ಟ ಮಿಸ್ರಿ ಜೇನನ್ನು ಪೆಟ್ಟಿಗೆಗೆ ಹಾಕಿಕೊಡಿ ಎಂದು ಕರೆಸಿಕೊಂಡಿದ್ದ ಯಜಮಾನರು ಮೊದಲು ಕೇಳಿದ್ದು, "ಇದು ತುಡುವೆಯ ತಮ್ಮನೋ ಏನು ಸಾರ್?" ಎಂದು. ತುಡುವೆ ಎಂದರೆ ನಾವು ಪೆಟ್ಟಿಗೆಯಲ್ಲಿ ಸಾಕುವ ಮಾಮೂಲಿ ಜೇನು. ತಮಾಷೆಗೆ ಕೇಳಿದ್ದಿರಬಹುದು, ಆದರೆ ಇದೇ ಪ್ರಶ್ನೆಯ ಮೇಲೆ ಕೀಟಶಾಸ್ತ್ರಜ್ಞರು ದಶಕಗಟ್ಟಲೆ ವಾದಿಸಿದ್ದಾರೆ.

ಹಿಂಗಾಲಿನಲ್ಲಿ ಪರಾಗದ ಬುಟ್ಟಿ ಹೊತ್ತ ಜೇನುಗಳಲ್ಲಿ ಇಂದು ಉಳಿದಿರುವುದು ನಾಲ್ಕು ಪಂಗಡ: ತುಡುವೆ, ಹೆಜ್ಜೇನು, ಕೋಲುಜೇನುಗಳದ್ದು ಒಂದು, ಕರಾವಳಿಯವರು ಮುಜಂಟಿ ಎನ್ನುವ ನಮ್ಮ ಮಿಸ್ರಿಯದ್ದು ಇನ್ನೊಂದು, ನಮ್ಮ ದೇಶದಲ್ಲಿ ಹೆಚ್ಚಾಗಿ ಹಿಮಾಲಯದ ತಂಪಿನಲ್ಲಿ ಸಿಗುವ ಬಂಬಲ್‌ ಬೀಗಳದ್ದು ಮೂರನೆಯದು, ಅಮೆರಿಕ ಖಂಡಗಳ ಉಷ್ಣವಲಯದ ಆರ್ಕಿಡ್‌ ಜೇನುಗಳದ್ದು ನಾಲ್ಕನೆಯದು. ಬಂಬಲ್‌ ಬೀಯ ಹಿಂಗಾಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಬುಟ್ಟಿಯ ಕೆಳತುದಿಯಲ್ಲಿ ಎರಡು ಪುಟ್ಟ ಮುಳ್ಳುಗಳಿವೆ. ತುಡುವೆಗೂ ಮಿಸ್ರಿಗೂ ಅವಿಲ್ಲ. ಜೊತೆಗೆ ಇವೆರಡೂ ವರ್ಷಗಟ್ಟಲೆ ಉಳಿಯುವ ದೊಡ್ಡ ಸಂಸಾರದವು. ಹೀಗಾಗಿ ಇವೇ ಒಡಹುಟ್ಟುಗಳೆಂದು ಬಹುಕಾಲ ನಂಬಲಾಗಿತ್ತು. ಡಿಎನ್‌ಎ ಹೋಲಿಕೆಗಳು ಬಂದ ಮೇಲೆ ಲೆಕ್ಕ ತಿರುವುಮುರುವಾಯಿತು. ಅವು ಮಿಸ್ರಿಯ ಅತಿ ಹತ್ತಿರದ ನೆಂಟನೆಂದು ತೋರಿಸಿದ್ದು ಬಂಬಲ್‌ ಬೀಯನ್ನು. ಮುಳ್ಳು ಕಳೆದುಕೊಂಡದ್ದು ಎರಡು ಕವಲುಗಳಲ್ಲಿ ಬೇರೆಬೇರೆಯಾಗಿ ಆಗಿರಬೇಕೆಂಬುದು ನನಗೆ ಒಪ್ಪಿಗೆಯಾಗುವ ವಿವರಣೆ. ಇಲ್ಲದಿರುವ ಅಂಗವನ್ನು ನಂಬಿ ನೆಂಟಸ್ತಿಕೆ ಕಟ್ಟುವುದು ಯಾವಾಗಲೂ ಅಪಾಯದ ಕೆಲಸ.

ಇರುವ ಅಂಗಗಳನ್ನೇ ನೋಡೋಣ. ತುಡುವೆಯ ಮೇಣ ಹೊಟ್ಟೆಯ ಅಡಿಭಾಗದಿಂದ ಒಸರುತ್ತದೆ. ಮಿಸ್ರಿಯದ್ದು ಬೆನ್ನಿನ ಕಡೆಯಿಂದ. ಆ ಮೇಣಕ್ಕೆ ಅದು ಮರದ ಅಂಟನ್ನು ಬೆರೆಸಿ ಕಪ್ಪು-ಕಂದು ಬಣ್ಣದ ಗೂಡು ಕಟ್ಟುತ್ತದೆ, ಬಾಗಿಲಿಗೆ ಕೊಳವೆ ಚಾಚುತ್ತದೆ. ಕೊಂಡಿ ಇಲ್ಲವೆನ್ನುವುದು ಪೂರ್ತಿ ಸರಿಯಲ್ಲ: ಅದರ ಅವಶೇಷ ಒಳಗಿದೆ, ಚುಚ್ಚುವ ಶಕ್ತಿ ಮಾತ್ರ ಇಲ್ಲ. ರೆಕ್ಕೆಯ ನರಗಳೂ ಬಹುಪಾಲು ಅಳಿಸಿಹೋಗಿವೆ. ಸುಮಾರು ನಾಲ್ಕು ಮಿಲಿಮೀಟರ್‌ ಉದ್ದದ ನಮ್ಮ ಮಿಸ್ರಿಗಳು ಸೇರಿರುವ ಟೆಟ್ರಗೋನುಲ ಕುಲದಲ್ಲಿ ಪ್ರಭೇದಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಗಂಡುನೊಣದ ಜನನಾಂಗ ನೋಡದೆ ಹೆಸರು ಹೇಳಲು ನಾನು ಹೋಗುವುದಿಲ್ಲ. ಈ ಪಂಗಡ ಹಳೆಯದು. ಅಮೆರಿಕದ ನ್ಯೂಜೆರ್ಸಿಯ ಪಳೆಯುಳಿಕೆ ರಾಳದಲ್ಲಿ ಸಿಕ್ಕಿಬಿದ್ದು, 1988ರಲ್ಲಿ ವರ್ಣನೆಗೊಂಡ ಜೇನು ಇದೇ ಪಂಗಡದ್ದು, ಡೈನೋಸಾರುಗಳಿದ್ದ ಕ್ರಿಟೇಷಿಯಸ್‌ ಯುಗದ ಕೊನೆಯದ್ದೆಂದು ಗುರುತಿಸಲ್ಪಟ್ಟದ್ದು. ಅಂಟು ತರಲು ಹೋದದ್ದು ಅಂಟಿನಲ್ಲೇ ಉಳಿಯಿತೋ ಏನೋ.

ಸಾಕಣೆಯಲ್ಲಿ ಇದೆಲ್ಲ ಏಕೆ ಬೇಕು ಎನ್ನುವವರಿಗೆ ನನ್ನದೇ ತಪ್ಪನ್ನು ಹೇಳುತ್ತೇನೆ. ಮೊದಲ ವರ್ಷಗಳಲ್ಲಿ ತುಡುವೆಯ ಅಭ್ಯಾಸದ ಮೇಲೆ ಮಿಸ್ರಿಯ ಮರಿಕೋಶಗಳ ಗೊಂಚಲನ್ನು ಬಿಡುಬೀಸಾಗಿ ಎತ್ತಿಟ್ಟೆ. ಕೆಲವು ಒಡೆದವು, ಕೆಲಸಗಾರ ನೊಣಗಳು ಮತ್ತೆ ಉಣಿಸಿಕೊಳ್ಳುತ್ತವೆಂದು ಸುಮ್ಮನಿದ್ದೆ. ತುಡುವೆ ಮರಿಗೆ ದಿನವೂ ಉಣಿಸುತ್ತದೆ. ಮಿಸ್ರಿ ಹಾಗಲ್ಲ, ಕೋಶಕ್ಕೆ ಒಮ್ಮೆಲೇ ತೆಳು ಆಹಾರ ತುಂಬಿ, ಅದರ ಮೇಲೆ ಮೊಟ್ಟೆ ಇಡಿಸಿ, ಮುಚ್ಚಿಬಿಡುತ್ತದೆ. ಒಡೆದ ಕೋಶದ ಆಹಾರ ಸೋರಿತು, ಮರುದಿನ ಇರುವೆ ಸಾಲುಗಟ್ಟಿತ್ತು.

ಒಂದು ಸಂಸಾರ ಎರಡಾಗಿ ಪಾಲಾಗುವ ರೀತಿಯೂ ಬೇರೆ. ತುಡುವೆಯಲ್ಲಿ ಹಳೆಯ ರಾಣಿ ಹೊರಡುತ್ತದೆ. ಮಿಸ್ರಿಯ ಹಳೆಯ ರಾಣಿ ಹೊಟ್ಟೆ ಬೆಳೆದು ಹಾರಲಾರದಾಗಿರುವುದರಿಂದ ಹೊಸ ರಾಣಿಯೇ ಹೋಗಬೇಕು. ಅದಕ್ಕೂ ಮುಂಚೆ ಕೆಲಸಗಾರ ನೊಣಗಳು ತಾಯಿಗೂಡಿನಿಂದ ಮೇಣ, ತುಪ್ಪ ಹೊತ್ತು ಹೊಸ ಜಾಗವನ್ನು ಸಜ್ಜುಗೊಳಿಸುತ್ತವೆ. ತೀರ್ಥಹಳ್ಳಿಯ ಆ ಗೋಡೆಯನ್ನು ನಾವು ಒಡೆಯಲಿಲ್ಲ. ಮಿಸ್ರಿಯ ಬಾಗಿಲಿಗೆ ಕೊಳವೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಖಾಲಿ ಪೆಟ್ಟಿಗೆಗೆ ಸೇರಿಸಿ, ಪೆಟ್ಟಿಗೆಯ ಮೂಲಕವೇ ಓಡಾಡುವಂತೆ ಮಾಡಿದೆವು. ಮಳೆಗಾಲ ಕಳೆದು ಮುಚ್ಚಳ ತೆಗೆದಾಗ ಮೂಲೆಯಲ್ಲಿ ಹೊಸ ಮರಿಕೋಶಗಳ ಗೊಂಚಲಿತ್ತು, ಅದರ ಮೇಲೆ ಸಪೂರ ಹೊಟ್ಟೆಯ ಎಳೆಯ ರಾಣಿ ಓಡಾಡುತ್ತಿತ್ತು.